ಘಟ್ಟದ ಮಾಸಿದ ಕಾಲುದಾರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಕುಮಟಾ ನಡುವಿನ ಘಟ್ಟದ ಕೊಳ್ಳಗಳಲ್ಲಿ ಸುಮಾರು ವರ್ಷಗಳಿಂದ ನಡೆಯುತ್ತಿದ್ದೇನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

## ಮೊದಲ ಸಲ ಹೊರಡುವವರಿಗೆ

ಮಾಸಿದ ದಾರಿ ಅಂತೀರಲ್ಲ, ಹಾಗಂದ್ರೆ ಏನು? ಟ್ರೆಕ್ಕಿಂಗ್ ರೂಟ್ ಅಲ್ವಾ?

ಅಲ್ಲ. ಟ್ರೆಕ್ಕಿಂಗಿಗೆ ಅಂತ ಯಾರೂ ಮಾಡಿದ ದಾರಿಗಳಲ್ಲ ಇವು. ಬಸ್ಸು ಬರುವ ಮೊದಲು ಘಟ್ಟದ ಮೇಲಿನವರು ಇಳಿಯುತ್ತಿದ್ದ, ಕೆಳಗಿನವರು ಹತ್ತುತ್ತಿದ್ದ ದಾರಿಗಳು. ಮೇಲಿನಿಂದ ಅಡಿಕೆ, ಕಾಳುಮೆಣಸು ಇಳಿಯುತ್ತಿತ್ತು. ಕೆಳಗಿನಿಂದ ಸಾಣಿಕಟ್ಟೆಯ ಉಪ್ಪು, ಒಣಮೀನು ಹತ್ತುತ್ತಿತ್ತು. ಕೆಲವು ದಾರಿಗಳಲ್ಲಿ ಹೇರು ಹೊತ್ತ ಎತ್ತುಗಳು ನಡೆದಿವೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದರಲ್ಲ, ಆ ಮೆಣಸು ಬಂದರಿಗೆ ಇಳಿದದ್ದೂ ಇಂಥ ಘಟ್ಟದ ದಾರಿಗಳಲ್ಲೇ. ಇನ್ನು ಕೆಲವು ತೀರಾ ಸಣ್ಣವು. ಈ ಕೇರಿಯಿಂದ ಆ ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ, ವರ್ಷಕ್ಕೊಮ್ಮೆ ಕಾಯಿ ಒಡೆಯುವ ಚೌಡಿ ಕಟ್ಟೆಗೆ ಹೋಗುವಂಥವು.

ಈಗ ಅವನ್ನು ತುಳಿಯುವವರಿಲ್ಲ. ನಾಲ್ಕು ಮಳೆಗಾಲ ಕಾಲು ಬೀಳದಿದ್ದರೆ ದಾರಿ ಮಾಸತೊಡಗುತ್ತದೆ. ಹತ್ತು ವರ್ಷ ಕಳೆದರೆ ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ನಮ್ಮ ಕಡೆ ಗುಡ್ಡ ಅಷ್ಟೇನೂ ಎತ್ತರ ಇಲ್ಲ. ಇದರಲ್ಲೇನು ಕಷ್ಟ?

ಎತ್ತರ ಇಲ್ಲ ನಿಜ. ಶಿರಸಿ ಸಮುದ್ರಮಟ್ಟದಿಂದ 600 ಮೀಟರಿನ ಆಸುಪಾಸಿನಲ್ಲಿದೆ. ಆದರೆ ಆ ಎತ್ತರವನ್ನೆಲ್ಲ ಹೊಳೆಗಳು ಕೊರೆದು ಕೊಳ್ಳ ಮಾಡಿವೆ. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುತ್ತಾಳೆ. ಅದರ ಸದ್ದಿಗೇ ಊರವರು ಕೆಪ್ಪ ಜೋಗ ಎಂದು ಹೆಸರಿಟ್ಟದ್ದು. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿ ಎರಡು ಹಂತದಲ್ಲಿ ಹತ್ತಿರಹತ್ತಿರ 200 ಮೀಟರ್ ಬೀಳುತ್ತದೆ. ಒಮ್ಮೆ ಹೋಗಿ ಮೇಲೆ ನಿಂತು ಕೆಳಗೆ ನೋಡಿ, ಕೊಳ್ಳ ಅಂದರೇನೆಂದು ಗೊತ್ತಾಗುತ್ತದೆ.

ಕಷ್ಟ ಇರುವುದು ಇಲ್ಲಿ: ಬೇರೆ ಕಡೆ ಬೆಟ್ಟ ಮೊದಲು ಹತ್ತುತ್ತೀರಿ, ದಣಿದಾಗ ಇಳಿಯುತ್ತೀರಿ. ನಮ್ಮಲ್ಲಿ ಬೆಳಿಗ್ಗೆ ಹುರುಪಿನಲ್ಲಿ ಇಳಿದುಬಿಡುತ್ತೇವೆ. ಹತ್ತುವುದು ಮಧ್ಯಾಹ್ನದ ಸೆಕೆಯಲ್ಲಿ, ಕಾಲು ಸೋತ ಮೇಲೆ. ಇಳಿಯಲು ಒಂದು ತಾಸಾದರೆ ಹತ್ತಲು ಎರಡು ತಾಸು ಇಟ್ಟುಕೊಳ್ಳಿ. ನಾನು ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದರೂ ತಿರುಗಿಬಿಡುತ್ತೇನೆ. ಹೊಳೆ ಕಣ್ಣಿಗೆ ಕಾಣುತ್ತಿದ್ದರೂ ಸರಿ. ಕೊಳ್ಳದೊಳಗೆ ನಾಲ್ಕೂವರೆಗೇ ಮಬ್ಬು ಕವಿಯುತ್ತದೆ, ಮೇಲಿನ ಊರಲ್ಲಿ ಇನ್ನೂ ಬಿಸಿಲಿರುವಾಗಲೇ.

ಯಾವ ತಿಂಗಳು ಒಳ್ಳೇದು? ಮಳೆಗಾಲದಲ್ಲಿ ಚಂದ ಅಂತಾರೆ.

ಚಂದ ಹೌದು. ಮಳೆಗಾಲದಲ್ಲಿ ಕೊಳ್ಳಕ್ಕೆ ಇಳಿಯಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲಪಾತಗಳನ್ನು ಮೇಲಿನ ಕಟಾಂಜನದ ಹಿಂದೆ ನಿಂತು ನೋಡಿ.

ದೀಪಾವಳಿ ಕಳೆದ ಮೇಲಿನಿಂದ ಜನವರಿ ಕೊನೆವರೆಗೆ ನನಗೆ ಇಷ್ಟ. ಹೊಳೆಯಲ್ಲಿ ಕುಡಿಯುವಷ್ಟು ನೀರು ಇರುತ್ತದೆ, ದಾಟಲೂ ಬರುತ್ತದೆ. ಫೆಬ್ರವರಿ ದಾಟಿದರೆ ದರಕು, ಅಂದರೆ ಉದುರಿದ ಒಣ ಎಲೆ, ಮೊಣಕಾಲುದ್ದ ಬಿದ್ದು ದಾರಿಯನ್ನೇ ಮುಚ್ಚುತ್ತದೆ. ಅದರ ಮೇಲೆ ಇಳಿಯುವುದು ಎಣ್ಣೆ ಚೆಲ್ಲಿದ ನೆಲದ ಮೇಲೆ ಇಳಿದ ಹಾಗೆ.

ಪರ್ಮಿಷನ್ ಬೇಕಾ? ನಮ್ಮೂರ ಕಾಡೇ ಅಲ್ವಾ?

ಬೇಕು. ಅಣಶಿ, ದಾಂಡೇಲಿ ಕಡೆಯದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅಘನಾಶಿನಿ ಕಣಿವೆಯನ್ನು 2011ರಲ್ಲಿ ಸಿಂಗಳೀಕಕ್ಕಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಬೇಡ್ತಿ ಕಣಿವೆಗೂ ಅಂಥದೇ ರಕ್ಷಣೆ ಇದೆ. ಉಳಿದ ಕಡೆ ರಿಸರ್ವ್ ಫಾರೆಸ್ಟ್. ಆ ಊರು ಯಾವ ವಲಯ ಅರಣ್ಯಾಧಿಕಾರಿ ಕಚೇರಿಗೆ ಸೇರುತ್ತದೋ ಅಲ್ಲಿಗೆ ಒಂದು ವಾರ ಮೊದಲೇ ಹೋಗಿ, ಎಷ್ಟು ಜನ, ಯಾವ ದಿನ, ಎಲ್ಲಿಂದ ಎಲ್ಲಿಗೆ ಅಂತ ಬರೆದು ಕೊಡಿ. ಬೇಡ ಎಂದರೆ ಬೇಡ. ಕಾರಣ ಕೇಳಿ, ಎಷ್ಟೋ ಸಲ ಆ ಕಾರಣವೇ ಉಪಯೋಗದ ಸುದ್ದಿ ಆಗಿರುತ್ತದೆ.

ಒಬ್ಬನೇ ಹೋಗಬಹುದಾ?

ಬೇಡ. ಮೂರು ಜನ ಕನಿಷ್ಠ, ಅದರಲ್ಲಿ ಒಬ್ಬರು ಆ ಊರಿನವರು. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಹತ್ತಿರ ಕೂರಬೇಕು, ಇನ್ನೊಬ್ಬರು ಸುದ್ದಿ ಮುಟ್ಟಿಸಬೇಕು. ಆರು ಜನರಿಗಿಂತ ಜಾಸ್ತಿಯೂ ಬೇಡ.

ಏನೇನು ಹೊತ್ತುಕೊಂಡು ಹೋಗಬೇಕು?

ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಒಂದು. ಹಗಲೇ ವಾಪಸು ಬರ್ತೀವಿ ಎಂದರೂ ಒಂದು. ಎರಡು ಲೀಟರ್ ನೀರು, ಸೀಟಿ, 15 ಮೀಟರ್ ಹಗ್ಗ, ಬೆಂಕಿಪೆಟ್ಟಿಗೆ, ಕ್ರೇಪ್ ಬ್ಯಾಂಡೇಜ್. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಒಣ ಅಂಗಿ ಒಂದು ಇರಲಿ. ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಿ. ಬೆತ್ತದ ಮುಳ್ಳು ಬರಿಗೈಯನ್ನು ಬಿಡುವುದಿಲ್ಲ. ಊಟಕ್ಕೆ ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಸಾಕು.

ಕೋಲು ಮರೆಯಬೇಡಿ. ಎದೆ ಎತ್ತರದ ಬಿದಿರ ಕೋಲು ಇಳಿಯಲು ಮೂರನೇ ಕಾಲು, ಹೊಳೆಯಲ್ಲಿ ಆಳ ನೋಡಲು ಅಳತೆಗೋಲು, ದರಕಿನಲ್ಲಿ ಮುಂದೆ ತಟ್ಟುತ್ತಾ ಹೋದರೆ ಹಾವಿಗೆ ಮುನ್ಸೂಚನೆ.

## ದಾರಿ ಓದುವುದು

ಗೂಗಲ್ ಮ್ಯಾಪ್ ಇದ್ರೆ ಸಾಕಲ್ವಾ?

ಸಾಲದು. ಕೊಳ್ಳದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ದಟ್ಟ ಕಾನಿನಲ್ಲಿ, ಎರಡು ಧರೆಗಳ (ಗೋಡೆಯಂಥ ಕಡಿದಾದ ಬದಿಗಳ) ನಡುವೆ ಜಿಪಿಎಸ್ ಕೂಡ ಹತ್ತಾರು ಮೀಟರ್ ಆಚೀಚೆ ತೋರಿಸುತ್ತದೆ. ಬಯಲಲ್ಲಿ ಅದು ಏನೂ ಅಲ್ಲ. ಇಲ್ಲಿ ಅಷ್ಟು ಅಂತರದಲ್ಲಿ ದಾರಿ ಒಂದು ಕಡೆ, ದರಿ ಒಂದು ಕಡೆ.

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆ ತೆಗೆದುಕೊಳ್ಳಿ. ಕಾರವಾರದಿಂದ ಶಿರಸಿವರೆಗಿನ ಹಾಳೆಗಳ ಹಳೆಯ ಸಂಖ್ಯೆ 48 ಜೆ ಎಂದು ಶುರುವಾಗುತ್ತದೆ. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಕಂದು ಗೆರೆ ಒಂದರಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಲಿ ಇಳಿಯಲು ದಾರಿ ಇಲ್ಲ ಅಂತಲೇ ಲೆಕ್ಕ. ಹಳೆಯ ಕಾಲುದಾರಿಗಳನ್ನು ತುಂಡು ಗೆರೆಯಲ್ಲಿ ತೋರಿಸಿರುತ್ತಾರೆ. ಎಷ್ಟೋ ದಾರಿಗಳು ಈಗ ಆ ಹಾಳೆಯ ಮೇಲೆ ಮಾತ್ರ ಉಳಿದಿವೆ. ಗೆರೆ ಇದೆ ಅಂತ ದಾರಿ ಇದೆ ಅಂದುಕೊಳ್ಳಬೇಡಿ.

ನನಗೆ ಬರೀ ಕಾಡು ಕಾಣುತ್ತೆ. ದಾರಿ ನಿಮಗೆ ಹೇಗೆ ಗೊತ್ತಾಗುತ್ತೆ?

ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ. ನೂರಾರು ವರ್ಷ ತುಳಿದ ನೆಲ ದರಕಿನ ಕೆಳಗೂ ಗಟ್ಟಿ ಇರುತ್ತದೆ. ದಾರಿ ಬಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಇಡಿ, ಕಾಲು ಮೆತ್ತಗೆ ಹೂತುಕೊಳ್ಳುತ್ತದೆ. ಈ ವ್ಯತ್ಯಾಸ ಅಭ್ಯಾಸವಾದರೆ ಅರ್ಧ ಕೆಲಸ ಮುಗಿಯಿತು.

ಆಮೇಲೆ ಕತ್ತಿ ಗುರುತು. ಊರವರು ನಡೆಯುವಾಗ ಅಡ್ಡ ಬಂದ ಟೊಂಗೆಯನ್ನು ಸೊಂಟದ ಎತ್ತರದಲ್ಲಿ ಓರೆಯಾಗಿ ಸವರುತ್ತಾರೆ. ಒಮ್ಮೆ ಅಂಥದೊಂದರ ಹತ್ತಿರ ಕೂತು ನೋಡಿದ್ದೆ. ಹೆಬ್ಬೆರಳಿನಷ್ಟು ದಪ್ಪದ ಟೊಂಗೆ. ಕಡಿದ ಬಾಯಿಯ ಸುತ್ತ ತೊಗಟೆ ತುಟಿಯ ಹಾಗೆ ಉಬ್ಬಿ ಒಳಗೆ ಮಡಚಿತ್ತು. ನಡುವೆ ಬೂದು ಬಣ್ಣದ ಒಣ ಕಟ್ಟಿಗೆ, ಅದರಲ್ಲೊಂದು ಇರುವೆ ಗೂಡು. ಅದರ ಕೆಳಗಿನಿಂದ ಎರಡು ಹೊಸ ಕವಲು ಒಡೆದು ನನ್ನ ತಲೆಗಿಂತ ಮೇಲೆ ಹೋಗಿದ್ದವು. ಅಂದರೆ ಏಳೆಂಟು ವರ್ಷದ ಕೆಳಗೆ ಇಲ್ಲೊಬ್ಬರು ಕತ್ತಿ ಹಿಡಿದು ನಡೆದಿದ್ದಾರೆ. ಅಂಥ ಎರಡನೇ ಗುರುತು ಇಪ್ಪತ್ತು ಹೆಜ್ಜೆಯೊಳಗೆ ಸಿಕ್ಕಿದರೆ ಅದು ದಾರಿ. ಒಂದೇ ಸಿಕ್ಕಿದರೆ ಯಾರೋ ಬೆತ್ತಕ್ಕೋ ಬಳ್ಳಿಗೋ ಬಂದವರು.

ಕಾಡುಕೋಣ, ಹಂದಿಯ ದಾರಿಗಳೂ ಚೆನ್ನಾಗಿ ತುಳಿದಂತೆ ಕಾಣುತ್ತವೆ. ಅದರಲ್ಲೇ ಹೊಸಬರು ಮೋಸಹೋಗುವುದು. ಹಂದಿಯ ದಾರಿ ತಗ್ಗಿನ ಮಟ್ಟಿಯ (ಪೊದೆಯ) ಕೆಳಗೆ ನುಗ್ಗುತ್ತದೆ. ಕೋಣದ ದಾರಿ ನೀರು ಮುಟ್ಟಿದ ಮೇಲೆ ಕವಲೊಡೆದು ಕರಗುತ್ತದೆ. ಮನುಷ್ಯರ ದಾರಿಗೆ ಒಂದು ಗುರಿ ಇರುತ್ತದೆ. ಕಡಿದಾದ ಕಡೆ ಅಡ್ಡ ತಿರುಗುತ್ತದೆ. ಅಲ್ಲಲ್ಲಿ ಕಲ್ಲಿನ ಪಾವಟಿಗೆ, ಬೇಲಿ ದಾಟುವ ಹಳೆಯ ದಣಪೆಯ ಕಂಬ, ತೋಟದ ಸುತ್ತ ತೋಡಿದ ಅಗಳದ ಗುರುತು ಸಿಗುತ್ತವೆ. ಕಾಡಿನ ನಡುವೆ ಇದ್ದಕ್ಕಿದ್ದಂತೆ ಹಲಸು, ಒಂಟಿ ಅಡಿಕೆ ಮರ, ಹಾವಸೆ ಹಿಡಿದ ತುಳಸಿ ಕಟ್ಟೆ ಕಂಡರೆ ಅಲ್ಲೊಂದು ಮನೆ ಇತ್ತು. ಮನೆ ಇದ್ದಲ್ಲಿಂದ ದಾರಿ ಇದ್ದೇ ಇರುತ್ತದೆ. ಅಂಥ ಜಾಗದಲ್ಲಿ ನಾನು ಸ್ವಲ್ಪ ಹೊತ್ತು ಕೂರುತ್ತೇನೆ. ಯಾರೋ ದಿನಾ ದೀಪ ಇಟ್ಟ ಕಟ್ಟೆ ಅದು.

ಊರವರನ್ನ ಕೇಳಿದ್ರೆ 'ಇಲ್ಲೇ ಹತ್ರ' ಅಂತಾರೆ. ನಂಬೋದಾ?

ಅವರು ಸುಳ್ಳು ಹೇಳುವುದಿಲ್ಲ, ಅವರ ಕಾಲಿನ ಲೆಕ್ಕ ಹೇಳುತ್ತಾರೆ. "ಒಂದು ಕವಳ (ಎಲೆಅಡಿಕೆ) ಹಾಕಿ ಮುಗಿಯೋದ್ರೊಳಗೆ ಮುಟ್ತೀರಿ" ಎಂದರೆ ನಿಮಗೆ ಮುಕ್ಕಾಲು ತಾಸು. ಎಷ್ಟು ದೂರ ಅಂತ ಕೇಳಬೇಡಿ. ಎಷ್ಟು ಹಳ್ಳ ದಾಟಬೇಕು, ಎಲ್ಲಿ ಕವಲು ಬರುತ್ತದೆ, ಕಳೆದ ಸಲ ನೀವು ಹೋದದ್ದು ಯಾವಾಗ ಅಂತ ಕೇಳಿ. ಮೂರನೆಯ ಪ್ರಶ್ನೆ ಬಹಳ ಮುಖ್ಯ. "ಅಪ್ಪ ಇದ್ದಾಗ ಹೋಗಿದ್ದೆ" ಎಂದರೆ ದಾರಿ ಈಗ ಇಲ್ಲ ಅಂತ ಅರ್ಥ.

ರಸ್ತೆ ಮುಗಿದ ಮೇಲಿನ ಕೊನೆಯ ಮನೆಗೆ ಹೋಗಿಯೇ ಮುಂದೆ ಹೋಗಿ. ಇದೊಂದನ್ನು ಬಿಡಬೇಡಿ. ಬೇಲಿಯಾಚೆಯಿಂದ ಕೂಗಿ ಕೇಳದೆ, ಜಗುಲಿಗೆ ಹೋಗಿ ಕೂತು ಮಾತಾಡಿ. ಆಸರಿಗೆ, ಅಂದರೆ ಕುಡಿಯಲು, ಏನಾದರೂ ಕೊಡುತ್ತಾರೆ, ಬೇಡ ಅನ್ನಬೇಡಿ. ಹೀಗೆ ಕೂತಿದ್ದಾಗಲೇ ಒಬ್ಬರು ಅಜ್ಜಿ ಮೋಡ ನೋಡಿ ನನಗೆ ಹೇಳಿದ್ದು: "ತಮಾ, ಮೇಲೆ ಮಳೆ ಬಂದ್ರೆ ಆ ಹಳ್ಳ ದಾಟಲೆ ಆಗ್ತಿಲ್ಲೆ." ಅವತ್ತು ಹೋಗಲಿಲ್ಲ. ಸಂಜೆ ಅವರ ಅಂಗಳದಲ್ಲಿ ಕೂತು ಹಳ್ಳದ ಸದ್ದು ಕೇಳಿದೆ. ಎಷ್ಟು ಹೊತ್ತಿಗೆ ವಾಪಸು ಬರುತ್ತೀರಿ ಅಂತ ಆ ಮನೆಗೆ ಹೇಳಿ ಹೋಗಿ. ಬಂದ ಮೇಲೆ ಬಂದೆವು ಅಂತ ಹೇಳದೆ ಹೊರಡಬೇಡಿ. ಅವರು ದೀಪ ಹಿಡಿದು ಹುಡುಕಲು ಹೊರಡುವ ಜನ.

ವಾಪಸು ಬರೋಕೆ ಮರಕ್ಕೆ ಬಣ್ಣ ಹಚ್ಚಬಹುದಾ?

ಬೇಡ, ಕೆತ್ತಲೂ ಬೇಡ. ಕವಲಿನಲ್ಲಿ ಹಸಿರು ಟೊಂಗೆಯೊಂದನ್ನು ನೆಲಕ್ಕೆ ಅಡ್ಡ ಇಡಿ, ಬರುವಾಗ ತೆಗೆಯಿರಿ. ಅದಕ್ಕಿಂತ ಒಳ್ಳೆಯದು, ಪ್ರತಿ ಕವಲಿನಲ್ಲೂ ಹಿಂತಿರುಗಿ ನೋಡಿ ಒಂದು ಫೋಟೋ ತೆಗೆಯುವುದು. ಬರುವಾಗ ನಿಮಗೆ ಕಾಣುವುದು ಆ ನೋಟವೇ.

## ಮೈಗೆ ಹತ್ತುವವು, ಎದುರು ಬರುವವು

ಉಂಬಳಕ್ಕೆ (ಜಿಗಣೆಗೆ) ಏನು ಮಾಡೋದು?

ಜೀವಕ್ಕೆ ಅಪಾಯ ಇಲ್ಲ, ಗಾಬರಿ ಬೇಡ. ಕಾಲಿಗೆ ಹೊಗೆಸೊಪ್ಪು-ಸುಣ್ಣದ ನೀರೋ ಬೇವಿನ ಎಣ್ಣೆಯೋ ಸವರಿಕೊಳ್ಳಿ. ಕಚ್ಚಿದರೆ ಉಗುರಿನಿಂದ ಪಕ್ಕಕ್ಕೆ ಜಾರಿಸಿ ತೆಗೆಯಿರಿ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಒತ್ತಿ ಹಿಡಿಯಿರಿ.

ಮಂಗನ ಕಾಯಿಲೆ ಇರೋ ಕಡೆ ಹೋಗಬಹುದಾ?

ಈ ಕಾಯಿಲೆ ಹರಡುವುದು ಕಾಡಿನ ಉಣ್ಣೆ ಹುಳದಿಂದ. ಉಂಬಳಕ್ಕೆ ಹೆದರುವವರು ಉಣ್ಣೆಗೆ ಹೆದರುವುದಿಲ್ಲ. ಹೆದರಬೇಕಾದದ್ದು ಉಣ್ಣೆಗೆ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ನಮ್ಮ ಸಿದ್ದಾಪುರ, ಹೊನ್ನಾವರ ಕಡೆ ಜನರ ಪ್ರಾಣ ತೆಗೆದಿದೆ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಬರುತ್ತದೆ. ನಡೆಯಲು ಒಳ್ಳೆಯ ಡಿಸೆಂಬರ್, ಜನವರಿಯೂ ಅದರಲ್ಲೇ ಬರುತ್ತವಲ್ಲ, ಹಾಗಾಗಿ ಹೊರಡುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಮಂಗ ಸತ್ತ ಸುದ್ದಿ ಇದೆಯಾ ಅಂತ ಕೇಳಿ. ಇದ್ದರೆ ಹೋಗಬೇಡಿ.

ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ. ದರಕಿನ ಮೇಲೆ ಕೂರಬೇಡಿ, ಕಲ್ಲಿನ ಮೇಲೆ ಕೂರಿ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗ ನೋಡಿಕೊಳ್ಳಿ. ಮರಿ ಉಣ್ಣೆ ಎಳ್ಳಿಗಿಂತ ಸಣ್ಣದು. ಆಮೇಲಿನ ಹತ್ತು ದಿನದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಹಾವು ಕಚ್ಚಿದ್ರೆ?

ಕುಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ಕೋಲು ಕಟ್ಟಿ, ಆದಷ್ಟೂ ನಡೆಸದೆ ಹೊತ್ತು ತನ್ನಿ. ಆಸ್ಪತ್ರೆಯಲ್ಲಿ ಸಿಗುವ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ನಮ್ಮ ಕಾನಿನ ಕಾಳಿಂಗ, ಟೊಂಗೆಯ ಮೇಲಿರುವ ಹಸಿರು ಗುಳಿಮಂಡಲಗಳ ವಿಷ ಆ ಲೆಕ್ಕದಲ್ಲಿಲ್ಲ. ಹಾಗಂತ ಆಸ್ಪತ್ರೆ ಬಿಡುವಂತಿಲ್ಲ. 108ಕ್ಕೆ ಸಿಗ್ನಲ್ ಸಿಗುವ ಜಾಗ ಯಾವುದೆಂದು ಕೊನೆಯ ಮನೆಯಲ್ಲೇ ಕೇಳಿಟ್ಟುಕೊಳ್ಳಿ. ಕೈ ಇಡುವ ಮೊದಲು ಟೊಂಗೆ ನೋಡಿ.

ಹುಲಿ, ಕರಡಿ ಭಯ ಇಲ್ವಾ?

ಮಾತಾಡುತ್ತಾ ನಡೆದರೆ ಅವೇ ಸರಿದುಹೋಗುತ್ತವೆ. ಕರಡಿಗೆ ಮಾತ್ರ ಮರಿಯಿದ್ದಾಗ ದಾರಿ ಬಿಟ್ಟುಕೊಡಬೇಕು. ನನ್ನ ಭಯ ಹೆಜ್ಜೇನಿಗೆ. ಯಾಣದ ಬಂಡೆಗಳಿಗೆ ನೇತುಬಿದ್ದ ಜೇನುಹುಟ್ಟುಗಳನ್ನು ನೋಡಿದ್ದೀರಲ್ಲ, ಕೊಳ್ಳದ ಧರೆಗಳಲ್ಲೂ ಹಾಗೇ ಇರುತ್ತವೆ. ಕೆಳಗೆ ಹೊಗೆ ಹಾಕಬಾರದು, ಸೆಂಟ್ ಹೊಡೆದುಕೊಂಡು ಹೋಗಬಾರದು, ಕೂಗಬಾರದು. ಎದ್ದರೆ ಬಟ್ಟೆ ಮುಖಕ್ಕೆ ಸುತ್ತಿ ಮಟ್ಟಿಯೊಳಗೆ ಓಡಿ.

## ಕೊಳ್ಳದೊಳಗೆ

ಹೊಳೆ ದಾಟೋದು ಹೇಗೆ?

ನೀರು ಮೊಣಕಾಲು ಮೀರಿ, ಓಟವೂ ಇದ್ದರೆ ದಾಟಬೇಡಿ. ಅಗಲ ಇರುವಲ್ಲಿ ದಾಟಿ, ಅಲ್ಲಿ ಆಳ ಕಮ್ಮಿ. ಬೂಟು ಬಿಚ್ಚಬೇಡಿ. ಕಲ್ಲಿನ ತಲೆಯ ಮೇಲೆ ಹಾರಬೇಡಿ. ಹಾವಸೆ ಕಟ್ಟಿದ ಕಲ್ಲು ಒಣಗಿ ಕಪ್ಪಾಗಿದ್ದರೂ ಒದ್ದೆ ಬೂಟು ತಾಗಿದೊಡನೆ ಲೋಳೆಯಾಗುತ್ತದೆ. ಕಲ್ಲುಗಳ ನಡುವೆ, ಮರಳಿನ ಮೇಲೆ ಕಾಲಿಡಿ. ಹಳೆಯ ಮರದ ಸಂಕ (ಕಾಲುಸೇತುವೆ) ಕಂಡರೆ ಮೊದಲು ಕೋಲಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಅದು ಲಡ್ಡಾಗಿದೆ, ಒಳಗೆ ಕೊಳೆತಿದೆ.

ತಿಳಿಯಾಗಿದ್ದ ನೀರು ಕೆಂಪಾದರೆ, ದರಕು ತೇಲಿಬರಲು ಶುರುವಾದರೆ ಮೇಲೆಲ್ಲೋ ಮಳೆ ಬಂದಿದೆ. ಇದ್ದ ದಡದಲ್ಲೇ ಎತ್ತರಕ್ಕೆ ಹೋಗಿ.

ದಾರಿ ತಪ್ಪಿದ್ರೆ ಹಳ್ಳದ ಗುಂಟ ಇಳೀಬೇಕು, ಊರು ಸಿಗುತ್ತೆ ಅಂತಾರಲ್ಲ?

ಈ ಮಾತನ್ನು ನಾನೂ ನಂಬಿದ್ದೆ. ಒಂದು ಜನವರಿಯಲ್ಲಿ ನಾವು ಮೂವರು ಅಘನಾಶಿನಿ ಕಡೆ ಇಳಿಯುವ ಏಣಿನಲ್ಲಿ (ಗುಡ್ಡದ ಬೆನ್ನಿನಲ್ಲಿ) ಕವಲು ತಪ್ಪಿದೆವು. ಒಣಗಿದ ಹಳ್ಳವೊಂದು ಸಿಕ್ಕಿತು. ನಡೆಯಲು ಸಲೀಸಾಗಿತ್ತು. ಕಲ್ಲಿನಿಂದ ಕಲ್ಲಿಗೆ ಇಳಿಯುತ್ತಾ ಹೋದೆವು. ಒಂದು ಕಡೆ ಆಳೆತ್ತರದ ಬಂಡೆ. ಹಗ್ಗ ಹಾಕಿ ಜಾರಿದೆವು, ಹಗ್ಗ ಎಳೆದುಕೊಂಡೆವು. ಐವತ್ತು ಹೆಜ್ಜೆ ಮುಂದೆ ಹಳ್ಳ ಮುಗಿದಿತ್ತು. ಮುಂದೆ ಗಾಳಿ, ಕೆಳಗೆ ಮರದ ತಲೆಗಳು. ಹಿಂದಿನ ಬಂಡೆ ಹತ್ತಲು ಬರುವುದಿಲ್ಲ. ಪಕ್ಕದ ಧರೆಯಲ್ಲಿ ಬೇರು ಹಿಡಿದು, ಒಬ್ಬರ ಹೆಗಲ ಮೇಲೊಬ್ಬರು ಕಾಲಿಟ್ಟು ಮೇಲೆ ಬರಲು ಮೂರು ತಾಸು ಬೇಕಾಯಿತು. ನಮ್ಮ ಪುಣ್ಯ, ಬೆಳಕಿತ್ತು.

ಘಟ್ಟದಲ್ಲಿ ಹಳ್ಳಗಳು ಊರಿಗೆ ನಡೆದು ಹೋಗುವುದಿಲ್ಲ, ಹಾರಿ ಹೋಗುತ್ತವೆ. ಜಲಪಾತಗಳ ಜಿಲ್ಲೆ ಅಂತ ನಾವೇ ಹೇಳುತ್ತೇವಲ್ಲ. ದಾರಿ ತಪ್ಪಿತು ಅನಿಸಿದರೆ ಮೊದಲು ಕೂರಿ, ನೀರು ಕುಡಿಯಿರಿ. ಬಂದ ಹೆಜ್ಜೆಯಲ್ಲೇ ಕೊನೆಯ ಖಾತ್ರಿ ಗುರುತಿಗೆ ವಾಪಸು ಹೋಗಿ. ಅದೂ ಸಿಗದಿದ್ದರೆ ಏಣಿನ ಕಡೆ ಹತ್ತಿ. ಏಣಿನಲ್ಲಿ ಬೆಳಕಿರುತ್ತದೆ, ಸಿಗ್ನಲ್ ಸಿಗಬಹುದು, ಸೀಟಿ ದೂರ ಕೇಳುತ್ತದೆ. ಮತ್ತೆ ಹತ್ತಿ ಬರಲಾಗದ ಕಡೆ ಯಾವತ್ತೂ ಇಳಿಯಬೇಡಿ.

ಕತ್ತಲಾಗಿಬಿಟ್ರೆ?

ನಡೆಯುವುದು ನಿಲ್ಲಿಸಿ. ಹಳ್ಳದ ಪಾತ್ರ ಬಿಟ್ಟು ಎತ್ತರದ ಸಮ ಜಾಗ ಹಿಡಿಯಿರಿ. ಒಣ ಅಂಗಿ ಹಾಕಿಕೊಂಡು ಒತ್ತಾಗಿ ಕೂರಿ. ಬೆಂಕಿ ಜೀವಕ್ಕೆ ಬೇಕಾದರೆ ಮಾತ್ರ, ಅದೂ ಬರಿ ಬಂಡೆಯ ಮೇಲೆ. ಸುಮ್ನೆ ಕ್ಯಾಂಪ್ ಮಾಡಲು ಬೇಡ, ದರಕಿಗೆ ಹತ್ತಿದರೆ ಇಡೀ ಬೆಟ್ಟ ಹೋಗುತ್ತದೆ.

ಧರೆ ಕುಸಿಯೋ ಜಾಗ ಮೊದಲೇ ಗೊತ್ತಾಗುತ್ತಾ?

ಕೆಲವು ಗುರುತುಗಳಿವೆ. ನೆಲದಲ್ಲಿ ಹೊಸ ಬಿರುಕು, ಎಲ್ಲ ಮರಗಳೂ ಒಂದೇ ಕಡೆ ವಾಲಿರುವುದು, ಮೊದಲಿಲ್ಲದ ಕಡೆ ಒರತೆ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟ, ಮನೆ, ರಸ್ತೆ ಕುಸಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಂತು. ಅಂಥ ಕಡೆ ಹಳೆಯ ದಾರಿ ಹುಡುಕಿಕೊಂಡು ಹೋಗಬೇಡಿ. ಕುಸಿದ ಮಣ್ಣಿನ ಮೇಲೆ ಅಡ್ಡ ದಾಟುವುದಂತೂ ಬೇಡವೇ ಬೇಡ.

ನೀವು ನಡೆದ ದಾರಿಯ ಜಿಪಿಎಸ್ ಟ್ರ್ಯಾಕ್ ಕಳಿಸ್ತೀರಾ?

ಇದನ್ನು ಎಲ್ಲರೂ ಕೇಳುತ್ತಾರೆ. ಕಳಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಈ ಕೊಳ್ಳಗಳಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ನಿಲ್ಲುವ ಕೆಸರು, ಅದರಿಂದ ಮೊಣಕಾಲಿನ ಹಾಗೆ ಮಡಚಿ ಮೇಲೆದ್ದ ಬೇರುಗಳು. ಆ ಬೇರುಗಳಿಂದಲೇ ಮರ ಉಸಿರಾಡುವುದು. ಇಪ್ಪತ್ತು ಜನ ಒಂದು ದಿನ ತುಳಿದರೆ ಸಾಕು, ಸಸಿಗಳು ಹೋದ ಹಾಗೆ. ಸಿಂಗಳೀಕ ನೆಲಕ್ಕೆ ಇಳಿಯುವುದೇ ಕಮ್ಮಿ, ಜನ ಜಾಸ್ತಿಯಾದರೆ ಜಾಗ ಬಿಡುತ್ತದೆ. ಇನ್ನೊಂದು ಕಾರಣ, ಟ್ರ್ಯಾಕ್ ಇದ್ದವರು ಕೊನೆಯ ಮನೆಗೆ ಹೋಗುವುದಿಲ್ಲ. ನೇರ ಕಾಡಿಗೆ ಇಳಿದುಬಿಡುತ್ತಾರೆ. ಆ ವರ್ಷದ ಮಳೆಯಲ್ಲಿ ಯಾವ ಸಂಕ ಹೋಯಿತು, ಎಲ್ಲಿ ಜೇನು ಕಟ್ಟಿದೆ, ಯಾವ ಹಳ್ಳದಲ್ಲಿ ಕರಡಿ ಮರಿ ಹಾಕಿದೆ ಎಂಬುದು ಟ್ರ್ಯಾಕಿನಲ್ಲಿ ಇರುವುದಿಲ್ಲ.

ಊರಿನ ಹೆಸರು ಕೇಳಿ, ಹೇಳುತ್ತೇನೆ. ಹಿಂದಿನ ಸಂಜೆಯ ವಸ್ತಿ ಬಸ್ಸಿಗೆ ಹೋಗಿ. ಯಾರ ಮನೆಯಲ್ಲಿ ಆ ದಾರಿ ಗೊತ್ತಿದ್ದವರು ಇದ್ದಾರೆ ಅಂತ ಬಸ್ಸಿನಲ್ಲೇ ವಿಚಾರಿಸಿ, ಇಳಿಯುವುದರೊಳಗೆ ಯಾರಾದರೂ ಹೇಳಿರುತ್ತಾರೆ. ಜೊತೆಗೆ ಬರುವವರಿಗೆ ಒಂದು ದಿನದ ತೋಟದ ಕೂಲಿಗಿಂತ ಕಮ್ಮಿ ಕೊಡಬೇಡಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ಕೇಳಲೂ ಬೇಡಿ, ಅವರಿಗೆ ಪುರುಸೊತ್ತಿರುವುದಿಲ್ಲ.